ನುಂಗಿದ್ದು ಒಂದು ಮ್ಯಾಗ್ನೆಟ್ಟೋ, ಎರಡೋ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ, ಮಗಳಿಗೆ ಹನ್ನೊಂದು. ಮಗಳ ಹತ್ತಿರ ಬೇರೆ ಬೇರೆ ಆಕಾರ ಕಟ್ಟುವ ಮ್ಯಾಗ್ನೆಟ್ ಗುಂಡುಗಳ ಡಬ್ಬಿ ಇದೆ. ಒಂದೊಂದು ಗುಂಡು 5 ಮಿಲಿಮೀಟರ್. ಡಬ್ಬಿಯ ಮೇಲೆ 216 ಎಂದು ಬರೆದಿದೆ. ಮೊನ್ನೆ ಸಂಜೆ ಮಗ ಬಂದು "ಮಣಿ ನುಂಗಿದೆ" ಅಂದ. ಗಾಬರಿಯಾಗಿ ಜೋರು ಮಾಡಿ ಕೇಳಿದ್ದಕ್ಕೆ "ಇಲ್ಲ, ನುಂಗಿಲ್ಲ" ಅಂದ. ಎಣಿಸಿದರೆ 209 ಇವೆ. ಆಡುತ್ತಿದ್ದಾನೆ, ಉಣ್ಣುತ್ತಿದ್ದಾನೆ, ಜ್ವರ ಇಲ್ಲ. ಎರಡು ಸಲ ಮಲ ಆಗಿದೆ, ಹುಡುಕಿದೆ, ಏನೂ ಸಿಗಲಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲಿ "ಇಷ್ಟು ಸಣ್ಣದು ತಾನಾಗಿ ಹೋಗುತ್ತೆ" ಅಂದರು. ಮನೆಯವರು ಇನ್ನೊಂದು ಮ್ಯಾಗ್ನೆಟ್ಟನ್ನು ಅವನ ಹೊಟ್ಟೆಯ ಮೇಲೆಲ್ಲ ಆಡಿಸಿ ನೋಡಿದರು, ಎಲ್ಲೂ ಎಳೆಯಲಿಲ್ಲ. ನಾಣ್ಯ ನುಂಗಿದ ಮಕ್ಕಳು ಆರಾಮಾಗಿ ಇರುವುದನ್ನು ಕೇಳಿದ್ದೇನೆ, ಮ್ಯಾಗ್ನೆಟ್ ಆದರೆ ಮಾತ್ರ ಯಾಕೆ ಇಷ್ಟು ಹೆದರಿಸುತ್ತಾರೆ? ಎಕ್ಸ್‌ರೇ ತೆಗೆಸಲೇಬೇಕೇ? ವಿಕಿರಣದ ಭಯ ನನಗೆ. ಮನೆಯಲ್ಲಿರುವ ಮ್ಯಾಗ್ನೆಟ್ ಟೈಲ್ಸ್‌ಗಳನ್ನೂ (ಒಳಗೆ ಮ್ಯಾಗ್ನೆಟ್ ಇರುವ, ಜೋಡಿಸಿ ಆಡುವ ಪ್ಲಾಸ್ಟಿಕ್ ಬಿಲ್ಲೆಗಳು) ಎಸೆದುಬಿಡಬೇಕೇ?

ಉತ್ತರ: ಈ ಉತ್ತರವನ್ನು ಕೊನೆಯವರೆಗೆ ಓದಿ ಆಮೇಲೆ ಹೊರಡೋಣ ಎಂದುಕೊಳ್ಳಬೇಡಿ. ಮೊದಲು ಎಕ್ಸ್‌ರೇ. ಇವತ್ತೇ, ಈಗಲೇ. ನಾಳೆ ಬೆಳಗಿನ ಓಪಿಡಿಗೆ ಬೇಡ, ಮಕ್ಕಳ ಶಸ್ತ್ರಚಿಕಿತ್ಸೆ ಮತ್ತು ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸುವುದು) ಎರಡೂ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹೊರಟ ಹೊತ್ತಿನಿಂದ ಮಗುವಿಗೆ ಊಟ, ಹಾಲು, ಬಿಸ್ಕತ್ತು ಏನೂ ಬೇಡ. ಎಂಡೋಸ್ಕೋಪಿ ಬೇಕಾದರೆ ಅರಿವಳಿಕೆ ಕೊಡಬೇಕಾಗುತ್ತದೆ, ಸಾಮಾನ್ಯವಾಗಿ ಗಟ್ಟಿ ಆಹಾರ ತಿಂದು ಆರು ಗಂಟೆ ಆಗಿರಬೇಕು. ದಾರಿಯಲ್ಲಿ ಕೊಡಿಸಿದ ಒಂದು ತಿಂಡಿಗಾಗಿ ಅಷ್ಟು ಹೊತ್ತು ಕಾಯುವ ಸ್ಥಿತಿ ಬರಬಾರದು.

ನಿಮ್ಮ ಪತ್ರದಲ್ಲಿ ಧೈರ್ಯ ಕೊಡುವಂತೆ ಕಾಣುವ ಸಂಗತಿಗಳು ನಾಲ್ಕು: ಮಗು ಆಡುತ್ತಿದೆ, ಮಣಿ ಸಣ್ಣದು, ಮಲದಲ್ಲಿ ಏನೂ ಇಲ್ಲ, ಹೊರಗಿನ ಮ್ಯಾಗ್ನೆಟ್ ಎಳೆಯಲಿಲ್ಲ. ಈ ನಾಲ್ಕರಲ್ಲಿ ಒಂದನ್ನೂ ನಂಬುವಂತಿಲ್ಲ. ಯಾಕೆ ಅನ್ನುವುದೇ ಈ ಉತ್ತರದ ಮುಕ್ಕಾಲು ಭಾಗ.

ನಾಣ್ಯಕ್ಕೂ ಮ್ಯಾಗ್ನೆಟ್ಟಿಗೂ ಇರುವ ವ್ಯತ್ಯಾಸ

ಮಕ್ಕಳು ನುಂಗುವ ವಸ್ತುಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊರಗೆ ಬರುತ್ತವೆ, ನಿಮ್ಮ ಕ್ಲಿನಿಕ್‌ನವರ ಮಾತು ಆ ಅನುಭವದಿಂದ ಬಂದದ್ದು. ನಾಣ್ಯವೋ ಗುಂಡಿಯೋ ಪ್ಲಾಸ್ಟಿಕ್ ಮಣಿಯೋ ಅನ್ನನಾಳ ದಾಟಿ ಜಠರಕ್ಕೆ ಇಳಿಯಿತು ಎಂದರೆ ಕರುಳು ಅದನ್ನು ಆಹಾರದ ಜೊತೆ ತಳ್ಳಿಕೊಂಡು ಹೋಗುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಗಾತ್ರ ಮತ್ತು ಚೂಪು, ಅಷ್ಟೇ. ಒಂದೇ ಒಂದು ಮ್ಯಾಗ್ನೆಟ್ ನುಂಗಿದರೂ ಹೆಚ್ಚಾಗಿ ಇದೇ ಆಗುತ್ತದೆ, ಅದು ಒಂದು ಲೋಹದ ಗುಂಡು, ಸಾಗಿ ಹೋಗುತ್ತದೆ.

ಎರಡಾದ ಕೂಡಲೇ ಲೆಕ್ಕ ಬದಲಾಗುತ್ತದೆ. ಸಣ್ಣ ಕರುಳು ಹೊಟ್ಟೆಯೊಳಗೆ ಸುರುಳಿ ಸುರುಳಿಯಾಗಿ, ಒಂದರ ಮೇಲೊಂದು ಜಾರಾಡುತ್ತ ಕೂತಿರುವ ನಾಲೆ. ಮೊದಲ ಗುಂಡು ಒಂದು ಸುರುಳಿಯಲ್ಲಿ ಮುಂದೆ ಹೋಗಿರುತ್ತದೆ, ಹತ್ತು ನಿಮಿಷ ಬಿಟ್ಟು ನುಂಗಿದ ಎರಡನೆಯದು ಹಿಂದೆ ಉಳಿದಿರುತ್ತದೆ. ನಾಲೆಯ ಉದ್ದಕ್ಕೆ ಅಳೆದರೆ ನಡುವೆ ಒಂದು ಮೀಟರ್ ದೂರವಿರಬಹುದು, ಆದರೆ ಹೊಟ್ಟೆಯೊಳಗೆ ಆ ಎರಡು ಸುರುಳಿಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಗುಂಡುಗಳು ಒಂದನ್ನೊಂದು ಸೆಳೆಯುತ್ತವೆ, ಸುರುಳಿಗಳು ಹತ್ತಿರ ಬರುತ್ತವೆ, ನಡುವೆ ಕರುಳಿನ ಎರಡು ಗೋಡೆ ಸಿಕ್ಕಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಎರಡೂ ಗುಂಡು ಅಲುಗಾಡುವುದಿಲ್ಲ.

ಈ ಸೆಳೆತದ ಬಲವನ್ನು ಕೈಯಲ್ಲಿ ಹಿಡಿದು ಆಡಿದವರು ಕೂಡ ಕಡಿಮೆ ಅಂದಾಜು ಮಾಡುತ್ತಾರೆ. ಇವು ನಿಯೋಡಿಮಿಯಮ್, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ ಮ್ಯಾಗ್ನೆಟ್‌ಗಳು. 1980ರ ದಶಕದಲ್ಲಿ ಬಂದದ್ದು. ಹಳೆಯ ಕಪ್ಪು ಫೆರೈಟ್ ಮ್ಯಾಗ್ನೆಟ್‌ಗಿಂತ ಎಷ್ಟೋ ಪಟ್ಟು ಬಲಶಾಲಿ. 5 ಮಿಲಿಮೀಟರ್‌ನ ಎರಡು ಗುಂಡುಗಳು ತಾಗಿಕೊಂಡಾಗ ಸೆಳೆತ ಸುಮಾರು 350ರಿಂದ 400 ಗ್ರಾಂ ತೂಕದಷ್ಟು. ನಡುವೆ 3 ಮಿಲಿಮೀಟರ್ ದಪ್ಪದ ಮೆತ್ತನೆಯ ವಸ್ತು ಇದ್ದರೆ ಅದು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ 60 ಗ್ರಾಂ ಆಸುಪಾಸು. ಕೇಳಲು ಅಲ್ಪ. ಆದರೆ ಗುಂಡು ಗುಂಡಿಗೆ ಒತ್ತುವ ಜಾಗ ಕೆಲವೇ ಚದರ ಮಿಲಿಮೀಟರ್. ಆ ಚುಕ್ಕೆಯ ಮೇಲೆ ಬೀಳುವ ಒತ್ತಡ ಪಾದರಸದ ಲೆಕ್ಕದಲ್ಲಿ ನೂರಾರು ಮಿಲಿಮೀಟರ್. ಕರುಳಿನ ಗೋಡೆಯ ಅತಿ ಸಣ್ಣ ರಕ್ತನಾಳಗಳು ತೆರೆದುಕೊಂಡಿರುವುದು 30 ಮಿಲಿಮೀಟರ್ ಆಸುಪಾಸಿನ ಒತ್ತಡದಿಂದ. ಆ ಚುಕ್ಕೆಗೆ ರಕ್ತ ಹೋಗುವುದು ನಿಂತುಹೋಗುತ್ತದೆ.

ರಕ್ತ ನಿಂತ ಗೋಡೆ ಸಾಯುತ್ತದೆ, ಸತ್ತದ್ದು ತೆಳುವಾಗುತ್ತದೆ. ಇಂಥ ಗುಂಡುಗಳ ಸೆಳೆತ ಅವುಗಳ ಕೇಂದ್ರಗಳ ನಡುವಿನ ದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಏರುತ್ತದೆ. ಅಂದರೆ ಗೋಡೆ ತೆಳುವಾದಷ್ಟೂ ಹಿಡಿತ ಬಿಗಿ, ಹಿಡಿತ ಬಿಗಿಯಾದಷ್ಟೂ ಗೋಡೆ ಇನ್ನೂ ತೆಳು. ಒಳಗೆ ಬೇರೆ ಯಾವ ವಸ್ತು ಒತ್ತಿದರೂ ಕರುಳು ಹಿಗ್ಗಿ ಜಾಗ ಮಾಡಿಕೊಡುತ್ತದೆ, ಒತ್ತಡ ಸಡಿಲವಾಗುತ್ತದೆ. ಇಲ್ಲಿ ಮಾತ್ರ ಉಲ್ಟಾ. ಎಂಟು ಗಂಟೆಯ ಒಳಗೇ ತೂತಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ, ವಾರ ಕಳೆದು ಗೊತ್ತಾದವೂ ಇವೆ.

ಮುಂದೆ ಏನಾಗುತ್ತದೆ ಎನ್ನುವುದು ಮಗುವಿನಿಂದ ಮಗುವಿಗೆ ಬೇರೆ. ಕೆಲವು ಸಲ ತೂತಿನಿಂದ ಮಲ, ಪಿತ್ತ ಹೊಟ್ಟೆಯೊಳಗೆ ಸೋರಿ ಸೋಂಕು ಹರಡುತ್ತದೆ. ಕೆಲವು ಸಲ ಸುತ್ತಲಿನ ಗೋಡೆಗಳು ಅಂಟಿಕೊಂಡು ಸೋರುವುದಿಲ್ಲ, ಬದಲಿಗೆ ಎರಡು ಸುರುಳಿಗಳ ನಡುವೆ ಕಿಂಡಿಯೊಂದು ಹುಟ್ಟುತ್ತದೆ, ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಇನ್ನು ಕೆಲವು ಸಲ ಗುಂಡುಗಳು ಹಿಡಿದಿಟ್ಟ ಬಿಂದುವಿನ ಸುತ್ತ ಕರುಳೇ ತಿರುಚಿಕೊಳ್ಳುತ್ತದೆ. ತಿರುಚಿದರೆ ಚುಕ್ಕೆಯಷ್ಟಲ್ಲ, ಒಂದು ಇಡೀ ಭಾಗದ ಕರುಳು ರಕ್ತವಿಲ್ಲದೆ ಕಪ್ಪಾಗುತ್ತದೆ, ಕತ್ತರಿಸಿ ತೆಗೆಯಬೇಕಾಗುತ್ತದೆ. ಹೀಗೆ ಪ್ರಾಣ ಹೋದ ಮಕ್ಕಳೂ ಇದ್ದಾರೆ.

ಒಂದು ಮ್ಯಾಗ್ನೆಟ್ ಜೊತೆ ಒಂದು ಕಬ್ಬಿಣದ ವಸ್ತು ನುಂಗಿದರೂ ಇದೇ ಲೆಕ್ಕ. ಪಿನ್ನು, ಸಣ್ಣ ಬೇರಿಂಗ್ ಗುಂಡು, ಸ್ಕ್ರೂ, ಕೆಲವು ನಾಣ್ಯಗಳು, ಮ್ಯಾಗ್ನೆಟ್ ಹಿಡಿಯುವ ಯಾವುದೂ ಆಗಬಹುದು. ಆದ್ದರಿಂದ "ಒಂದೇ ನುಂಗಿದ್ದು" ಎಂದು ಸಮಾಧಾನಪಡುವ ಮೊದಲು "ಅದರ ಜೊತೆ ಮತ್ತೇನು?" ಎಂಬ ಪ್ರಶ್ನೆಯೂ ಮುಗಿದಿರಬೇಕು.

ಸಮಾಧಾನ ಕೊಡುವ ಸುಳ್ಳುಗಳು

ಮಗು ಆಡುತ್ತಿದೆ ಎಂಬುದು. ಕರುಳಿನ ಒಂದು ಚುಕ್ಕೆ ಸಾಯುವಾಗ ನೋವು ಬಂದೇ ಬರಬೇಕೆಂದಿಲ್ಲ. ಕರುಳಿನ ಗೋಡೆಗೆ ಹಿಗ್ಗಿದರೆ ನೋವು ಗೊತ್ತಾಗುತ್ತದೆ, ಒಂದು ಬಿಂದುವಿನಲ್ಲಿ ಚಿವುಟಿದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮೊದಲ ಲಕ್ಷಣಗಳು ಬಂದರೂ ಅವು ಸಾದಾ ಹೊಟ್ಟೆಕೆಟ್ಟದ್ದರಂತೆಯೇ ಇರುತ್ತವೆ, ಒಂದು ಸಲ ವಾಂತಿ, ಸ್ವಲ್ಪ ಹೊಟ್ಟೆನೋವು, ಮಂಕು. ಮ್ಯಾಗ್ನೆಟ್ ವಿಷಯ ಮನೆಯವರಿಗೇ ಗೊತ್ತಿಲ್ಲದಿದ್ದರೆ ಇದಕ್ಕೆ ಗ್ಯಾಸ್ಟ್ರೋ ಎಂದು ಔಷಧ ಕೊಟ್ಟು ಕಳಿಸುವುದು ಎಲ್ಲ ಕಡೆ ಆಗುವ ತಪ್ಪು. ತೂತಾದ ಮೇಲೆ ಕೆಲವೊಮ್ಮೆ ನೋವು ಸ್ವಲ್ಪ ಹೊತ್ತು ಇಳಿದಂತೆ ಅನ್ನಿಸುವುದೂ ಉಂಟು, ಅದು ಇನ್ನೊಂದು ಮೋಸ. ಲಕ್ಷಣಕ್ಕಾಗಿ ಕಾಯುವುದೆಂದರೆ ಗಾಯ ಆಗುವುದಕ್ಕೆ ಕಾಯುವುದು.

ಹೊರಗಿನಿಂದ ಮ್ಯಾಗ್ನೆಟ್ ಆಡಿಸುವುದು. ದೂರ ಹೆಚ್ಚಿದಂತೆ ಸೆಳೆತ ಎಷ್ಟು ಬೇಗ ಇಳಿಯುತ್ತದೆ ಎಂದು ಮೇಲೆ ಹೇಳಿದೆ. ಚರ್ಮ, ಕೊಬ್ಬು, ಸ್ನಾಯು, ಅದರ ಹಿಂದೆ ಕರುಳು. ಇಷ್ಟು ದೂರದಿಂದ 5 ಮಿಲಿಮೀಟರ್ ಗುಂಡು ಕೈಗೆ ಗೊತ್ತಾಗುವಷ್ಟು ಎಳೆಯುವುದಿಲ್ಲ. ಎಳೆಯಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ. ದೊಡ್ಡ ಮ್ಯಾಗ್ನೆಟ್ ತಂದು ಎಳೆಯುವಂತೆ ಮಾಡಿದರೆ ಇನ್ನೂ ಕೆಟ್ಟದ್ದು, ಒಳಗಿನ ಗುಂಡು ಬಂದು ಕರುಳಿನ ಗೋಡೆಯನ್ನೇ ಹೊಟ್ಟೆಯ ಗೋಡೆಗೆ ಒತ್ತುತ್ತದೆ. ಇದೇ ಕಾರಣಕ್ಕೆ ಆಸ್ಪತ್ರೆಗೆ ಹೋಗುವಾಗ ಮಗುವಿಗೆ ಲೋಹದ ಬಕಲ್ ಇರುವ ಬೆಲ್ಟು, ಲೋಹದ ಗುಂಡಿಯ ಚಡ್ಡಿ ಹಾಕಬೇಡಿ. ಸಾದಾ ಇಲಾಸ್ಟಿಕ್ ಬಟ್ಟೆ ಸಾಕು. ದಿಕ್ಸೂಚಿಯನ್ನು ಹೊಟ್ಟೆಯ ಹತ್ತಿರ ತಂದಾಗ ಮುಳ್ಳು ಅಲುಗಿತು ಎಂದರೆ ಒಳಗಿರುವುದು ಮ್ಯಾಗ್ನೆಟ್ ಎಂಬ ಸುಳಿವು ಸಿಗುತ್ತದೆ, ಕೆಲವು ವೈದ್ಯರು ಈ ಉಪಾಯ ಬಳಸಿದ್ದಾರೆ. ಅಲುಗದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ವಾಂತಿ ಮಾಡಿಸುವುದು, ಭೇದಿಗೆ ಕೊಡುವುದು, ಹೊಟ್ಟೆ ತುಂಬ ಉಣ್ಣಿಸಿ ತಳ್ಳಿಸುವುದು. ಮೂರೂ ಬೇಡ. ವಾಂತಿಯಲ್ಲಿ ಗುಂಡು ಶ್ವಾಸನಾಳಕ್ಕೆ ಹೋಗಬಹುದು. ಕಚ್ಚಿಕೊಂಡು ಕೂತ ಗುಂಡನ್ನು ಭೇದಿಯ ಔಷಧ ಬಿಡಿಸುವುದಿಲ್ಲ, ಮೇಲಾಗಿ ಕರುಳು ಜೋರಾಗಿ ಹಿಂಡಿಕೊಳ್ಳುತ್ತದೆ. ಉಣ್ಣಿಸಿದರೆ ಅರಿವಳಿಕೆ ತಡವಾಗುತ್ತದೆ. ಆಸ್ಪತ್ರೆಯಲ್ಲಿ ಕೆಲವೊಮ್ಮೆ ಕರುಳು ತೊಳೆಯುವ ದ್ರಾವಣ ಕೊಡುತ್ತಾರಲ್ಲ ಎನ್ನಬಹುದು. ಅದು ಎಕ್ಸ್‌ರೇ ನೋಡಿ, ಮಗುವನ್ನು ಕಣ್ಣೆದುರಿಗೆ ಇಟ್ಟುಕೊಂಡು ಮಾಡುವ ಕೆಲಸ.

ಜೇನುತುಪ್ಪದ ಸಲಹೆಯೂ ಓಡಾಡುತ್ತಿರುತ್ತದೆ. ಅದು ಬಟನ್ ಬ್ಯಾಟರಿ ನುಂಗಿದಾಗಿನ ಮಾತು, ಅದೂ ಒಂದು ವರ್ಷ ದಾಟಿದ ಮಗುವಿಗೆ, ಆಸ್ಪತ್ರೆ ತಲುಪುವವರೆಗೆ ಮಾತ್ರ. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡಲು ಶುರು ಮಾಡುತ್ತದೆ, ಜೇನು ಆ ಸುಡುವಿಕೆಯನ್ನು ಸ್ವಲ್ಪ ತಡೆಯುತ್ತದೆ. ಮ್ಯಾಗ್ನೆಟ್ಟಿಗೆ ಜೇನಿನಿಂದ ಏನೂ ಆಗುವುದಿಲ್ಲ.

ಮಲದಲ್ಲಿ ಸಿಗಲಿಲ್ಲ ಎಂಬುದಕ್ಕೂ ಬೆಲೆ ಕಡಿಮೆ. ನುಂಗಿದ್ದು ಹೊರಬರಲು ಒಂದರಿಂದ ಮೂರು ದಿನ, ಕೆಲವು ಮಕ್ಕಳಲ್ಲಿ ಇನ್ನೂ ಹೆಚ್ಚು. ಒಂದು ವೇಳೆ ಎರಡು ಗುಂಡು ಸಿಕ್ಕಿದ್ದರೂ ಮೂರನೆಯದು, ನಾಲ್ಕನೆಯದು ಒಳಗಿಲ್ಲ ಎಂದು ಮಲ ಹೇಳುವುದಿಲ್ಲ.

ವಿಕಿರಣದ ಭಯ ಸಹಜ. ಹೊಟ್ಟೆಯ ಒಂದು ಸಾದಾ ಎಕ್ಸ್‌ರೇಯ ಪ್ರಮಾಣ, ನಾವೆಲ್ಲರೂ ನೆಲ, ಗಾಳಿ, ಆಕಾಶದಿಂದ ಕೆಲವು ತಿಂಗಳಲ್ಲಿ ಪಡೆಯುವಷ್ಟನ್ನು ಮೀರುವುದಿಲ್ಲ. ನಿಮ್ಮ ಮಗನಿಗೆ ನಾಲ್ಕೈದು ಸಲ ತೆಗೆಯಬೇಕಾಗಿ ಬಂದರೂ ನಾನು ಹಿಂಜರಿಯುವುದಿಲ್ಲ. ಆಗಲೇಬಾರದ ಪರೀಕ್ಷೆ ಬೇರೆ ಇದೆ, ಎಂಆರ್‌ಐ. ಅದರ ಕಾಂತಕ್ಷೇತ್ರದಲ್ಲಿ ಒಳಗಿನ ಗುಂಡುಗಳು ಕರುಳನ್ನು ಹರಿದುಕೊಂಡೇ ತಿರುಗಬಹುದು. ಹೊಟ್ಟೆನೋವಿಗೆ ಯಾರಾದರೂ ಎಂಆರ್‌ಐ ಬರೆದರೆ ಮ್ಯಾಗ್ನೆಟ್ ಅನುಮಾನವಿದೆ ಎಂದು ಮೊದಲೇ ಹೇಳಿ.

ಆಸ್ಪತ್ರೆಯಲ್ಲಿ ಏನು ಹೇಳಬೇಕು, ಏನು ಕೇಳಬೇಕು

ಬಾಗಿಲಲ್ಲೇ "ಮಗು ಮಣಿ ನುಂಗಿದೆ" ಎನ್ನಬೇಡಿ, ಸರದಿಯಲ್ಲಿ ಕೂರಿಸುತ್ತಾರೆ. "ಬಲವಾದ ಮ್ಯಾಗ್ನೆಟ್, ಒಂದಕ್ಕಿಂತ ಹೆಚ್ಚು ಇರಬಹುದು, ಮೊನ್ನೆ ಸಂಜೆ" ಎನ್ನಿ. ಅದೇ ಡಬ್ಬಿಯ ಎರಡು ಗುಂಡುಗಳನ್ನು ದಪ್ಪ ಪೆಟ್ಟಿಗೆಯಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಎಷ್ಟು ಬಲವಿದೆ ಎಂದು ವೈದ್ಯರು ಕೈಯಲ್ಲೇ ನೋಡಲಿ. ಪೆಟ್ಟಿಗೆ ಮಗುವಿನ ಹೊಟ್ಟೆಯಿಂದ ದೂರವಿರಲಿ.

ಹುಡುಗನನ್ನು ಮತ್ತೆ ಕೇಳುವುದಾದರೆ ದನಿ ಬದಲಿಸಿ ಕೇಳಿ. ಅವನು ಮೊದಲು ಹೇಳಿದ್ದೇ ನಿಜವಿರಬೇಕು, ಎರಡನೆಯ ಸಲ "ಇಲ್ಲ" ಅಂದದ್ದು ನಿಮ್ಮ ಗಾಬರಿಯ ಮುಖಕ್ಕೆ. "ಯಾಕೆ ನುಂಗಿದೆ?" ಬೇಡ. "ಮಣಿ ಎಲ್ಲಿ ಹೋಯಿತು, ಬಾಯಿಗಾ, ಮೂಗಿಗಾ, ಕಿವಿಗಾ?" ಎಂದು ಆಟದ ಹಾಗೆ ಕೇಳಿ. ಮೂಗಿನ ಪ್ರಶ್ನೆ ಸುಮ್ಮನೆ ಸೇರಿಸಿದ್ದಲ್ಲ. ಎರಡು ಹೊಳ್ಳೆಗೆ ಒಂದೊಂದು ಗುಂಡು ಹೋದರೆ ನಡುವಿನ ಮೃದ್ವಸ್ಥಿಯನ್ನು ಎರಡೂ ಕಡೆಯಿಂದ ಒತ್ತುತ್ತವೆ, ಕೆಲವೇ ಗಂಟೆಗಳಲ್ಲಿ ಅಲ್ಲೂ ಹುಣ್ಣು, ಮುಂದೆ ತೂತು. ಚಿಮಟದಿಂದ ಮನೆಯಲ್ಲೇ ಎಳೆಯಲು ಹೋದರೆ ಉಕ್ಕಿನ ಚಿಮಟಕ್ಕೇ ಗುಂಡು ಅಂಟಿ ಒಳಗೆ ಜಾರುತ್ತದೆ. ಅದು ಕಿವಿ ಮೂಗು ಗಂಟಲು ತಜ್ಞರ ಕೆಲಸ.

ಚಿತ್ರ ಹೇಗಿರಬೇಕು ಎಂಬುದು ಮುಖ್ಯ. ಹೊಟ್ಟೆಯದೊಂದೇ ಸಾಲದು, ಕುತ್ತಿಗೆಯಿಂದ ಕೆಳಹೊಟ್ಟೆಯವರೆಗೆ ಬೇಕು. ಏನಾದರೂ ಕಂಡರೆ ಎದುರಿನಿಂದ ಒಂದು, ಪಕ್ಕದಿಂದ ಇನ್ನೊಂದು. ಒಂದರ ಹಿಂದೆ ಒಂದು ನಿಂತ ಎರಡು ಗುಂಡು ಎದುರಿನಿಂದ ಒಂದೇ ಗುಂಡಿನಂತೆ ಕಾಣುತ್ತದೆ, "ಒಂದೇ ಇದೆ, ಮನೆಗೆ ಹೋಗಿ" ಎಂಬ ತಪ್ಪು ಇಲ್ಲಿಂದಲೇ ಶುರು. ಸಾಲಾಗಿ ಅಂಟಿದ ಗುಂಡುಗಳ ಸರದಲ್ಲಿ ಎಲ್ಲಾದರೂ ಸಣ್ಣ ಸಂದು ಕಂಡರೆ ಆ ಸಂದಿನಲ್ಲಿ ಕರುಳಿನ ಗೋಡೆ ಸಿಕ್ಕಿದೆ ಎಂದೇ ಭಾವಿಸಬೇಕು. ಸಂದು ಕಾಣದಿದ್ದರೂ ಗೋಡೆ ಸಿಕ್ಕಿಲ್ಲ ಎಂದು ಖಾತರಿ ಕೊಡಲಾಗುವುದಿಲ್ಲ, ಚಿಕ್ಕ ಮಕ್ಕಳ ಕರುಳಿನ ಗೋಡೆ ಅಷ್ಟು ತೆಳು. ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಪಕ್ಕದ ಚಿತ್ರವೂ ತೆಗೆದಿರಾ?"

ಚಿತ್ರ ಬಂದ ಮೇಲಿನ ದಾರಿಗಳು

ಎಲ್ಲೂ ಏನೂ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಮಣಿಗಳು ಸೋಫಾ ಕೆಳಗಿವೆ, ಇಲ್ಲವೇ ಈಗಾಗಲೇ ಹೊರಗೆ ಹೋಗಿವೆ. ಮ್ಯಾಗ್ನೆಟ್ ಎಕ್ಸ್‌ರೇಯಲ್ಲಿ ಕಾಣದೆ ಉಳಿಯುವ ವಸ್ತುವಲ್ಲ.

ಖಚಿತವಾಗಿ ಒಂದೇ ಇದ್ದು, ಜೊತೆಗೆ ಬೇರೆ ಲೋಹ ಇಲ್ಲದಿದ್ದರೆ ಎರಡು ದಾರಿ. ಅನ್ನನಾಳದಲ್ಲಿದ್ದರೆ ತೆಗೆಯುತ್ತಾರೆ. ಜಠರದಲ್ಲಿ ಕೈಗೆ ಸಿಗುವಂತಿದ್ದರೆ ಕೆಲವರು ತೆಗೆಯುತ್ತಾರೆ, ಕೆಲವರು ಬಿಟ್ಟು ಎಕ್ಸ್‌ರೇ ತೆಗೆಯುತ್ತ ಕಾಯುತ್ತಾರೆ. ಎರಡೂ ಸರಿ. ತೆಗೆಯುವುದರಲ್ಲಿ ಅರಿವಳಿಕೆಯ ಸಣ್ಣ ಅಪಾಯ, ಕಾಯುವುದರಲ್ಲಿ ಮಗು ಮನೆಯಲ್ಲಿ ಇನ್ನೊಂದು ನುಂಗುವ ಅಪಾಯ. ನಿಮ್ಮ ಮನೆಯಲ್ಲಿ ಲೆಕ್ಕಕ್ಕೆ ಸಿಗದ ಏಳು ಗುಂಡುಗಳಿರುವಾಗ ನನ್ನ ಒಲವು ತೆಗೆಯುವ ಕಡೆಗೆ. ಕಾಯುವುದೇ ಆದರೆ ಅದು ಹೊರಬಂದಿದೆ ಎಂದು ಕೊನೆಯ ಚಿತ್ರ ಹೇಳುವವರೆಗೂ ಮನೆಯಲ್ಲಿ ಬೇರೊಂದು ಮ್ಯಾಗ್ನೆಟ್ ಅವನ ಕೈಗೆ ಎಟುಕಬಾರದು.

ಎರಡು ಅಥವಾ ಹೆಚ್ಚು ಇದ್ದು ಜಠರದಲ್ಲೋ ಅನ್ನನಾಳದಲ್ಲೋ ಇದ್ದರೆ ಚರ್ಚೆಯೇ ಇಲ್ಲ, ತಕ್ಷಣ ಎಂಡೋಸ್ಕೋಪಿ. ಹೆಚ್ಚಾಗಿ ಉಸಿರುನಾಳಕ್ಕೆ ಕೊಳವೆ ಹಾಕಿಯೇ ಮಾಡುತ್ತಾರೆ, ಮೇಲೆ ಎಳೆಯುವಾಗ ಗುಂಡು ಜಾರಿ ಶ್ವಾಸಕೋಶಕ್ಕೆ ಬೀಳದಿರಲಿ ಎಂದು. ಸಣ್ಣ ಬಲೆಯಲ್ಲಿ ಹಿಡಿದು ತರುತ್ತಾರೆ. ಗಂಟಲು ಒಂದೆರಡು ದಿನ ಕೆರೆಯಬಹುದು. ಉಪಕರಣದಿಂದ ಗೋಡೆಗೆ ಗಾಯವಾಗುವುದು ಅಪರೂಪ, ಆದರೆ ಆಗಲಾರದ್ದೇನಲ್ಲ. ಇಷ್ಟಾದರೂ ಇದು ಎಲ್ಲಕ್ಕಿಂತ ಅಗ್ಗದ ದಾರಿ, ಜಠರದ ಬಾಗಿಲು ದಾಟುವ ಮೊದಲು ಸಿಕ್ಕ ಗುಂಡಿಗೆ ಹೊಟ್ಟೆ ಕೊಯ್ಯಬೇಕಾಗುವುದಿಲ್ಲ. ಜಠರದಲ್ಲಿ ಗುಂಡು ಇರುವುದು ಕೆಲವೇ ಗಂಟೆ. ತಡ ಮಾಡಬೇಡಿ ಎಂದು ಪೀಡಿಸುವುದು ಇದಕ್ಕಾಗಿ.

ಕಷ್ಟದ ನಿರ್ಧಾರ ಇರುವುದು ಇಲ್ಲಿ: ಹಲವು ಗುಂಡುಗಳು ಸಣ್ಣ ಕರುಳಿನಲ್ಲಿವೆ, ಮಗು ನಗುತ್ತ ಕೂತಿದೆ. ಎರಡು ದಿನ ಕಳೆದಿರುವುದರಿಂದ ನಿಮ್ಮ ಮಗನದೂ ಈ ಗುಂಪಾಗಬಹುದು. ಇಂಥ ಮಗುವನ್ನು ಮನೆಗೆ ಕಳಿಸುವುದಿಲ್ಲ. ದಾಖಲು ಮಾಡಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಎಕ್ಸ್‌ರೇ ತೆಗೆದು, ಹೊಟ್ಟೆ ಮುಟ್ಟಿ ನೋಡುತ್ತಾರೆ. ಗುಂಡುಗಳು ಒಂದು ಕಡೆ ಒಟ್ಟಾಗಿ, ಪ್ರತಿ ಚಿತ್ರದಲ್ಲೂ ಸ್ಪಷ್ಟವಾಗಿ ಮುಂದೆ ಹೋಗುತ್ತಿದ್ದರೆ ಕಾಯಬಹುದು, ಕರುಳು ತೊಳೆಯುವ ದ್ರಾವಣದ ನೆರವಿನಿಂದ. ದೊಡ್ಡ ಕರುಳು ತಲುಪಿದರೆ ಗುದದ್ವಾರದಿಂದ ಕೊಲೊನೋಸ್ಕೋಪಿ ಹಾಕಿ ತೆಗೆಯಬಹುದು. ಮುಂದೆ ಹೋಗದಿದ್ದರೆ ಶಸ್ತ್ರಚಿಕಿತ್ಸೆ.

"ಮುಂದೆ ಹೋಗುತ್ತಿದೆ" ಎಂಬ ಮಾತಿಗೂ ಒಂದು ಎಚ್ಚರಿಕೆ ಬೇಕು. ಎರಡು ಸುರುಳಿಗಳನ್ನು ಕಚ್ಚಿಕೊಂಡ ಗುಂಡು ಸುರುಳಿಗಳ ಸಮೇತ ಹೊಟ್ಟೆಯೊಳಗೆ ಆಚೀಚೆ ಓಲಾಡಬಲ್ಲದು. ಚಿತ್ರದಲ್ಲಿ ಎರಡು ಸೆಂಟಿಮೀಟರ್ ಸರಿದಂತೆ ಕಂಡರೂ ಅದು ಪ್ರಯಾಣ ಅಲ್ಲ. ಬಲಗಡೆ ಕೆಳಗಿದ್ದದ್ದು ದೊಡ್ಡ ಕರುಳಿನ ದಾರಿಯಲ್ಲಿ ಮೇಲೆ ಹತ್ತಿ ಎಡಕ್ಕೆ ತಿರುಗಿದರೆ, ಅದು ಪ್ರಯಾಣ. ತಜ್ಞರು ಇದನ್ನು ನೋಡಿಯೇ ಮಾತಾಡುತ್ತಾರೆ, ನಿಮಗೂ ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಸಿರು ವಾಂತಿ, ಬಿಡದ ಹೊಟ್ಟೆನೋವು, ಮುಟ್ಟಲು ಬಿಡದ ಗಟ್ಟಿ ಹೊಟ್ಟೆ, ಜ್ವರ, ಮಲದಲ್ಲಿ ರಕ್ತ. ಇವುಗಳಲ್ಲಿ ಒಂದು ಬಂದರೂ ಕಾಯುವ ಆಟ ಮುಗಿಯಿತು. ಶಸ್ತ್ರಚಿಕಿತ್ಸೆ ಹಲವು ಸಲ ಲ್ಯಾಪರೋಸ್ಕೋಪಿಯಿಂದ, ಅಂದರೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ, ಆಗುತ್ತದೆ. ಕರುಳಿನ ಸಣ್ಣ ತೂತುಗಳನ್ನು ಹೊಲಿದು ಮುಚ್ಚುತ್ತಾರೆ, ಸತ್ತ ಭಾಗವಿದ್ದರೆ ಕತ್ತರಿಸಿ ಜೋಡಿಸುತ್ತಾರೆ. ಒಳಗಿನ ಗುಂಡು ಉಕ್ಕಿನ ಉಪಕರಣಕ್ಕೆ ಹಾರಿ ಅಂಟುವುದು ಇಲ್ಲಿನ ವಿಚಿತ್ರ ಫಜೀತಿ, ಕೆಲವೊಮ್ಮೆ ಹುಡುಕಲು ಅದೇ ಅನುಕೂಲವೂ ಆಗುತ್ತದೆ. ಮುಗಿಸುವ ಮೊದಲು ಮತ್ತೊಂದು ಚಿತ್ರ ತೆಗೆದು ಒಂದೂ ಉಳಿದಿಲ್ಲ ಎಂದು ನೋಡಬೇಕು. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದ ಮಗುವಿಗೆ ಕರುಳು ಒಳಗೆ ಅಂಟಿಕೊಂಡು ತಡೆ ಉಂಟಾಗುವ ಸಾಧ್ಯತೆ ವರ್ಷಗಳ ನಂತರವೂ ಇರುತ್ತದೆ. ಮುಂದೆ ಎಂದಾದರೂ ಹಸಿರು ವಾಂತಿ ಮಾಡಿಕೊಂಡರೆ ಹಳೆಯ ಆಪರೇಷನ್ ವಿಷಯ ವೈದ್ಯರಿಗೆ ಹೇಳಲೇಬೇಕು.

ಮಗಳ ಡಬ್ಬಿ, ಮಗನ ಟೈಲ್ಸ್

ಈ ಗುಂಡುಗಳು ಮಕ್ಕಳ ಕೈಗೆ ಬಂದದ್ದು ಆಟಿಕೆಯ ಬಾಗಿಲಿನಿಂದಲ್ಲ. ಆಟಿಕೆಗಳ ಸುರಕ್ಷತಾ ಮಾನದಂಡಗಳಲ್ಲಿ ಮ್ಯಾಗ್ನೆಟ್‌ಗೆ ಒಂದು ಅಳತೆ ಇದೆ, ಫ್ಲಕ್ಸ್ ಇಂಡೆಕ್ಸ್. ಮೇಲ್ಮೈಯ ಕಾಂತಬಲವನ್ನು ಕಿಲೋಗೌಸ್‌ನಲ್ಲಿ ಅಳೆದು ವರ್ಗ ಮಾಡಿ, ಧ್ರುವದ ಚದರ ಮಿಲಿಮೀಟರ್ ವಿಸ್ತೀರ್ಣದಿಂದ ಗುಣಿಸುತ್ತಾರೆ. ಮಗು ನುಂಗಬಲ್ಲ ಗಾತ್ರದ ಬಿಡಿ ಮ್ಯಾಗ್ನೆಟ್‌ಗೆ ಅದು 50ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಮನೆಯ ಗುಂಡುಗಳಂಥವು ಇದನ್ನು ಹಲವು ಪಟ್ಟು ಮೀರುತ್ತವೆ. ಹಾಗಾಗಿ ಅವು "ದೊಡ್ಡವರಿಗೆ", "ಮೇಜಿನ ಮೇಲೆ ಒತ್ತಡ ನಿವಾರಣೆಗೆ" ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಅಮೆರಿಕದಲ್ಲಿ ಇಂಥ ಸೆಟ್‌ಗಳನ್ನು ತಡೆಯುವ ನಿಯಮ 2014ರಲ್ಲಿ ಬಂತು, 2016ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು, ಆ ನಂತರದ ವರ್ಷಗಳಲ್ಲಿ ಅಲ್ಲಿನ ವಿಷ ಮಾಹಿತಿ ಕೇಂದ್ರಗಳಿಗೆ ಮ್ಯಾಗ್ನೆಟ್ ಕರೆಗಳು ಹಲವು ಪಟ್ಟು ಏರಿದವು, 2022ರಲ್ಲಿ ನಿಯಮ ಮತ್ತೆ ಬಂತು. ಡಬ್ಬಿಯ ಮೇಲಿನ ಎಚ್ಚರಿಕೆ ಚೀಟಿಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮಗಳು ಹನ್ನೊಂದರವಳು, ನುಂಗುವ ವಯಸ್ಸಲ್ಲ ಎನ್ನಬೇಡಿ. ಎಂಟರಿಂದ ಹದಿನಾಲ್ಕರ ಮಕ್ಕಳು ಎರಡು ಗುಂಡುಗಳನ್ನು ನಾಲಿಗೆಯ ಮೇಲೆ ಕೆಳಗೆ, ತುಟಿಯ ಒಳಗೆ ಹೊರಗೆ ಇಟ್ಟು ಚುಚ್ಚಿಸಿಕೊಂಡ ಆಭರಣದಂತೆ ತೋರಿಸುತ್ತಾರೆ. ನಗು ಬಂದಾಗ ಎರಡೂ ಗಂಟಲಿಗೆ ಇಳಿಯುತ್ತವೆ. ನಾಚಿಕೆಗೆ ಅವರು ಹೇಳುವುದು ಚಿಕ್ಕವರಿಗಿಂತ ತಡ. ಅವಳನ್ನೂ ಒಮ್ಮೆ ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿ, ಏಳರ ಲೆಕ್ಕ ಅವಳ ಹತ್ತಿರವೂ ಇರಬಹುದು.

ಟೈಲ್ಸ್ ಎಸೆಯಬೇಕಾಗಿಲ್ಲ, ಪರೀಕ್ಷಿಸಬೇಕು. ಅದರೊಳಗಿರುವ ಮ್ಯಾಗ್ನೆಟ್‌ಗಳು ಪ್ಲಾಸ್ಟಿಕ್ ಒಡೆದಾಗ ಮಾತ್ರ ಅಪಾಯ. ಒಂದೊಂದನ್ನೂ ಬೆಳಕಿಗೆ ಹಿಡಿದು ಅಂಚಿನ ಬೆಸುಗೆಯ ಗೆರೆ ನೋಡಿ, ಮೂಲೆಗಳನ್ನು ಉಗುರಿನಿಂದ ಒತ್ತಿ ನೋಡಿ, ಕಿವಿಯ ಹತ್ತಿರ ಅಲುಗಿಸಿ. ಮೂಲೆಯಲ್ಲಿ ರಿವೆಟ್ ಹೊಡೆದವು ಬರೀ ಅಂಟಿಸಿದವುಗಳಿಗಿಂತ ಗಟ್ಟಿ. ಕೂದಲೆಳೆಯ ಸೀಳು ಕಂಡರೂ ಆ ಟೈಲ್ ಮನೆಯಿಂದ ಹೋಗಬೇಕು. ಅಂಟು ಹಾಕಿ ರಿಪೇರಿ ಮಾಡಿದ ಟೈಲ್ ಮುಂದಿನ ಸಲ ನೆಲಕ್ಕೆ ಬಿದ್ದಾಗ ಅದೇ ಜಾಗದಲ್ಲಿ ಬಿಚ್ಚಿಕೊಳ್ಳುತ್ತದೆ. ಒಡೆದ ಟೈಲ್ ಸಿಕ್ಕಿ ಒಳಗಿನ ಮ್ಯಾಗ್ನೆಟ್ ಕಾಣೆಯಾಗಿದ್ದರೆ ಆ ವಿಷಯವನ್ನೂ ಆಸ್ಪತ್ರೆಯಲ್ಲಿ ಹೇಳಿ. ಇದೇ ಕಣ್ಣಿನಿಂದ ಫ್ರಿಜ್ ಮೇಲಿನ ಅಕ್ಷರಗಳು, ಬಿಳಿಹಲಗೆಯ ಪಿನ್ನು, ಮೀನು ಹಿಡಿಯುವ ಆಟದ ಗಾಳ, ಚೀಲದ ಗುಂಡಿ, ಫೋನಿನ ಕವರ್ ನೋಡಿಬಿಡಿ. ಹಿಂದೆ ಅಂಟಿಸಿದ್ದು ಮಂಕು ಕಪ್ಪು ಬಿಲ್ಲೆಯಾದರೆ ಬಹುಪಾಲು ಫೆರೈಟ್, ಕನ್ನಡಿಯಂತೆ ಹೊಳೆಯುವುದಾದರೆ ನಿಯೋಡಿಮಿಯಮ್.

ಡಬ್ಬಿಯ ಗುಂಡುಗಳು ಮಾತ್ರ ಚಿಕ್ಕ ಮಗು ಇರುವ ಮನೆಯಲ್ಲಿ ಇರಬಾರದು. ಎತ್ತರದ ಕಪಾಟಿನಲ್ಲಿ ಇಟ್ಟರೆ ಆಗದೇ ಎಂದರೆ, ಆಗದು. ಆಡಲು ಇಳಿಸಿದಾಗಲೆಲ್ಲ ಒಂದೆರಡು ಉರುಳಿ ಹೋಗುವುದೇ ಅವುಗಳ ಸ್ವಭಾವ. ಬಿಸಾಡುವಾಗ ಎಲ್ಲವನ್ನೂ ಒಂದು ಉಂಡೆ ಮಾಡಿ ಕಬ್ಬಿಣದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ, ಮೇಲೆ ಟೇಪಿನಿಂದ ಹಲವು ಸುತ್ತು ಬಿಗಿದು ಕಳಿಸಿ. ಬಿಡಿಯಾಗಿ ಕಸದ ಬುಟ್ಟಿಗೆ ಹಾಕಿದರೆ ಇನ್ನೊಂದು ಮಗುವಿಗೆ ಸಿಗುತ್ತದೆ. ಬಿಸಿ ಮಾಡಿದರೆ ಕಾಂತಶಕ್ತಿ ಇಳಿಯುವುದು ನಿಜ, ಆದರೆ ಅಡುಗೆ ಒಲೆಯ ಮೇಲೆ ಆ ಪ್ರಯೋಗ ಬೇಡ.

ಕಳೆದವನ್ನು ಹುಡುಕಲು ಮಂಡಿಯೂರಿ ಕಣ್ಣಿನಿಂದ ನೋಡಿದರೆ ಸಾಲದು, ಅವು ನೆಲದಲ್ಲಿರುವುದಕ್ಕಿಂತ ಕಬ್ಬಿಣಕ್ಕೆ ಅಂಟಿರುವುದೇ ಹೆಚ್ಚು. ಮಂಚದ ಕಾಲಿನ ಒಳಬದಿ, ಕಬ್ಬಿಣದ ಕಪಾಟಿನ ಕೆಳ ಅಂಚು, ಫ್ರಿಜ್ಜಿನ ತಳ, ಕುರ್ಚಿಯ ಸ್ಕ್ರೂ, ಬಾಗಿಲ ತಿರುಗಣೆ ನೋಡಿ. ಒಂದು ಕೋಲಿನ ತುದಿಗೆ ಉಕ್ಕಿನ ತುಂಡು ಕಟ್ಟಿ ಸೋಫಾ ಕೆಳಗೆ ಗುಡಿಸಿ. ಒಂದು ವಿಷಯ ನೆನಪಿಡಿ: ಇಂಥ ಸೆಟ್‌ಗಳಲ್ಲಿ ಕಳೆದರೆ ಇರಲಿ ಎಂದು ಕೆಲವು ಗುಂಡು ಹೆಚ್ಚಿಗೆ ಹಾಕಿರುವುದುಂಟು. 216 ಎಂದು ಬರೆದ ಡಬ್ಬಿಯಲ್ಲಿ 220 ಇದ್ದಿರಬಹುದು. ಆದ್ದರಿಂದ ನೀವು ಆಸ್ಪತ್ರೆಗೆ ಹೊರಡುವ ಮೊದಲೇ ಏಳಕ್ಕೆ ಏಳೂ ಸಿಕ್ಕಿಬಿಟ್ಟರೂ ಆ ಎಣಿಕೆಯನ್ನು ನಂಬಿ ಚಪ್ಪಲಿ ಬಿಚ್ಚಬೇಡಿ. ಹುಡುಗ ನುಂಗಿದೆ ಅಂದಿದ್ದಾನೆ, ಎಕ್ಸ್‌ರೇ ತೆಗೆಸಿಕೊಂಡೇ ಬನ್ನಿ.